ಇಳಿತ ಕಾದ ಮಾಸ್ತಮ್ಮ

ಕುಮಟೆಯಲ್ಲಿ ಮೀನು ಮಾರುವ ಮಾಸ್ತಮ್ಮನಿಗೆ ಉಬ್ಬರವೆಂದರೆ ಸಮುದ್ರದ್ದೊಂದೇ ಗೊತ್ತು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಚಾ ಅಂಗಡಿಯ ರೇಡಿಯೋ ದಿನಾ ‘ಹಣದುಬ್ಬರ, ಹಣದುಬ್ಬರ’ ಎಂದು ಬಡಿದುಕೊಂಡಾಗ ಊರೆಲ್ಲ ಹೆದರಿತು, ಅವಳಿಗೆ ಮಾತ್ರ ಧೈರ್ಯ ಬಂತು. ಅಕ್ಕಿ ಏರಲಿ, ಸೀಮೆಎಣ್ಣೆ ಏರಲಿ, ಬುಟ್ಟಿ ಇಳಿಸಿದಲ್ಲೆಲ್ಲ ಅದೇ ಮಾತು: “ಏರಿದ್ದು ಇಳೀದೆ ಎಲ್ಲಿಗೆ ಹೋತದ್ಯೆ ತಂಗಿ?” ಗಂಡ ಸುಬ್ಬ ನೈಲಾನ್ ಬಲೆ ಬೇಕೆಂದಾಗಲೂ “ಎಂತ ಅವಸ್ರ ಮಾರಾಯ್ರೆ, ಇಳ್ತ ಬರ್ಲಿ” ಎಂದು ತಡೆದಳು. ಇಳಿತ ಬಂತು, ಅವಳ ಬುಟ್ಟಿಗೆ ಮಾತ್ರ. ಕಾಸಿಲ್ಲದ ಜನ ಬಂಗಡೆಯನ್ನು ಅರ್ಧ ಕ್ರಯಕ್ಕೆ ಕೇಳಿದರು. ಅಕ್ಕಿ, ಬಲೆ ಏರುತ್ತಲೇ ಹೋದವು. ಕೊನೆಗೆ ಸುಬ್ಬ ತನ್ನ ಹರಿದ ಬಲೆಯನ್ನು ಬಸಳೆ ಚಪ್ಪರಕ್ಕೆ ಸುತ್ತಿ, ಕಂಡವರ ಟ್ರಾಲರ್ ದೋಣಿಗೆ ಕೂಲಿಗೆ ಹೊರಟ. ಅವನ ಮುಖ ನೋಡಲಾಗದೆ ಮಾಸ್ತಮ್ಮ, ಆಗಲೇ ಹೊತ್ತಿ ಉರಿಯುತ್ತಿದ್ದ ಒಲೆಯನ್ನು ಮತ್ತೂ ಊದುತ್ತ ಕುಳಿತಳು.