ತಗ್ಗು ಗಾಡಿಯ ದೇವಿಂದ್ರಪ್ಪ ಸರ್

ಶಹಾಪುರದ ಬಸ್ ನಿಲ್ದಾಣದ ಹತ್ತಿರ ದಿನಾ ಬೆಳಗ್ಗೆ ಒಂದು ಕೆಂಪು ಕಾರು ಬಂದು ನಿಲ್ಲುತ್ತಿತ್ತು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎರಡೇ ಬಾಗಿಲು, ದೂರದಿಂದಲೇ ಕೇಳುವ ಗುರುಗುಟ್ಟುವ ಸದ್ದು. ಮೊದಲ ಸಲ ನೋಡಿದವರು, ಯಾರೋ ಗುತ್ತಿಗೆದಾರರ ಮಗ ಕಪ್ಪು ಕನ್ನಡಕ ಹಾಕಿಕೊಂಡು ಇಳಿಯುತ್ತಾನೆಂದು ಕಾಯುತ್ತ ನಿಲ್ಲುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. ಮೊದಲು ಒಂದು ಊರುಗೋಲು ಹೊರಗೆ ಬರುತ್ತಿತ್ತು, ಆಮೇಲೆ ಇನ್ನೊಂದು. ಅವುಗಳ ಹಿಂದೆ ಬಿಳಿ ಅಂಗಿ, ನರೆತ ಮೀಸೆ, ಐವತ್ತು ದಾಟಿದ ಒಬ್ಬ ಮನುಷ್ಯ. ನಿಂತವರು ತೆರೆದ ಬಾಯಿ ಮುಚ್ಚುವ ಮೊದಲೇ ಅವರು ಗದರುತ್ತಿದ್ದರು: "ಏನ್ ನೋಡಾಕತ್ತೀರಿ? ಕುಂಟ ಗಾಡಿ ಹೊಡೀಬಾರ್ದಂತ ಎಲ್ಲ್ಯಾರ ಬರದದೇನು?"

ಅವರೇ ನಮ್ಮ ದೇವಿಂದ್ರಪ್ಪ ಸರ್. ಶಹಾಪುರದಲ್ಲಿ ಅವರದು ಟೈಪಿಂಗ್ ಶಾಲೆ. ಆಮೇಲೆ ಟೈಪ್ ಮಷೀನುಗಳು ಹೋಗಿ ಕಂಪ್ಯೂಟರುಗಳು ಬಂದವು, ಹೊರಗಿನ ಬೋರ್ಡು ಮಾತ್ರ ಹಳೆಯದೇ ಉಳಿಯಿತು. ಈ ಕಡೆಯ ಕಚೇರಿಗಳಲ್ಲಿ ಕುಳಿತ ಗುಮಾಸ್ತರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡವರೇ. ನಾನೂ ಬೈಸಿಕೊಂಡೆ, ಆದರೆ ನೌಕರಿ ಸಿಗಲಿಲ್ಲ. ಅವರ ಗೋಡೆಗೆ ಹತ್ತಿದ ಮಳಿಗೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು, ಉಳಿದ ಬೈಗುಳವನ್ನೂ ತಿನ್ನುತ್ತ ಅಲ್ಲೇ ಉಳಿದೆ. ನನ್ನ ಹೆಸರು ಭೀಮರಾಯ. ಅವರ ಬಾಯಲ್ಲಿ ಯಾವತ್ತೂ ಭೀಮ್ಯಾ.

ಪಾಠ ಮಾಡುವಾಗ ಅವರು ನಮಗೆ ಬೆನ್ನು ಹಾಕಿ, ರಸ್ತೆ ಕಡೆ ಮುಖ ಮಾಡಿ ಕೂಡುತ್ತಿದ್ದರು. ಸದ್ದಿನ ಮೇಲೆಯೇ ಯಾರು ತಪ್ಪಿದರೆಂದು ಗೊತ್ತಾಗುತ್ತಿತ್ತು. "ಭೀಮ್ಯಾ, ಕೀಲಿ ಯಾಕ ನೋಡ್ತೀ? ಅದೇನು ಓಡಿ ಹೋಗ್ತದೇನು? ಹೊಡಿ!" ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎಡಗಾಲು ಸೋತಿತ್ತು. ಕಾಲಿಗೆ ಹೋಗಬೇಕಾದ ಬಲವೆಲ್ಲ ತೋಳಿಗೂ ನಾಲಿಗೆಗೂ ಬಂದಿತ್ತೆಂದು ನಾವು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಒಮ್ಮೆ ಅದು ಅವರ ಕಿವಿಗೂ ಬಿತ್ತು. "ಖರೇನ ಅದ," ಅಂದು ಎಲ್ಲರಿಗೂ ಚಹಾ ತರಿಸಿದರು.

ಮನೆ ಸುರಪುರದಲ್ಲಿ. ಹೆಂಡತಿ ಶಾಂತಮ್ಮನವರಿಗೆ ಅಲ್ಲಿನ ಶಾಲೆಯಲ್ಲಿ ನೌಕರಿ. ಹಾಗಾಗಿ ಸರ್ ದಿನವೂ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಆ ಬಸ್ಸಿನ ಮೆಟ್ಟಿಲೇ ಅವರ ಜೀವನದ ದೊಡ್ಡ ವೈರಿ. ಕಂಡಕ್ಟರ್ ಒಂದು ಬಗಲಿಗೆ, ಯಾರೋ ಒಬ್ಬ ಪುಣ್ಯಾತ್ಮ ಇನ್ನೊಂದು ಬಗಲಿಗೆ ಕೈ ಹಾಕಿ ಎತ್ತಿ ಒಳಗೆ ಬಿಡುವರು. ಶಹಾಪುರದಲ್ಲಿ ಇಳಿಸಲು ಮತ್ತಿಬ್ಬರು. ಎಲ್ಲರೂ ಒಳ್ಳೆಯವರೇ, ಯಾರನ್ನೂ ದೂರುವಂತಿಲ್ಲ, ಅದೇ ಅವರಿಗೆ ಇನ್ನಷ್ಟು ಸಿಟ್ಟು. ಬಂದ ಮೇಲೆ ಒಂದು ತಾಸು ಅವರನ್ನು ಮಾತಾಡಿಸುವ ಧೈರ್ಯ ನಮಗಿರಲಿಲ್ಲ. ಒಂದು ದಿನ ತಾವೇ ಅಂದರು: "ಎತ್ತಿದವ್ರಿಗೆಲ್ಲಾ ಪುಣ್ಯ ಬರ್ತದಂತ. ನನಗೇನು ಬರ್ತದ ಹೇಳು? ಬಗಲಾಗ ಬ್ಯಾನಿ."

ಅವರನ್ನು ಮೊದಲು ಎತ್ತಿಕೊಂಡು ತಿರುಗಿದವರು ಅವರ ಅಣ್ಣ, ನಮಗೆಲ್ಲ ಮಾನಪ್ಪ ಕಾಕಾ. ಅವರ ಹುಟ್ಟೂರು ಸಗರದಲ್ಲಿ ತಮ್ಮನನ್ನು ಹೆಗಲ ಮೇಲೆ ಕೂಡಿಸಿಕೊಂಡು ಶಾಲೆ ಮುಟ್ಟಿಸಿದ್ದು ಅವರೇ. ಹೊಲದ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಊರಿಗೆ ಊರೇ ಓಡಿತಂತೆ. ಕಾಕಾ ತಮ್ಮನನ್ನು ಬಿಟ್ಟು ಓಡಲಿಲ್ಲ, ಹೊತ್ತುಕೊಂಡೇ ಓಡಿದರು. ಈ ಕತೆಯನ್ನು ಕಾಕಾ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ಸರ್ ಹೇಳುವ ರೀತಿಯೇ ಬೇರೆ: "ನಾ ನೀರು ನೋಡಾಕ ಹೋಗಿದ್ದೆ. ಮಂದಿ ನನ್ನ ನೋಡಿದ್ರು."

ಅದೇ ಕಾಲುವೆಯಿಂದ ಅವರ ಪಾಲಿನ ಎರೆ ಹೊಲ ಗದ್ದೆಯಾಯಿತು, ಜೋಳದ ಬದಲು ಭತ್ತ ಬಂತು, ವರ್ಷಗಳುರುಳಿ ಕೈಯಲ್ಲಿ ನಾಲ್ಕು ಕಾಸು ನಿಂತಿತು. ಆಗ ಸರ್ ಒಂದು ದಿನ ಕಾರು ತೆಗೆದುಕೊಳ್ಳುತ್ತೇನೆಂದು ಸಾರಿಬಿಟ್ಟರು. ಅಷ್ಟರಲ್ಲಿ ಯಾದಗಿರಿಯ ಹಳೆಯ ಶಿಷ್ಯನೊಬ್ಬನ ಕ್ಲಚ್ ಇಲ್ಲದ ಕಾರಿನಲ್ಲಿ ಗುಟ್ಟಾಗಿ ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡಿದ್ದರು. ಬಲಗಾಲೊಂದು ಗಟ್ಟಿ ಇದ್ದರೆ ಆ ಗಾಡಿಗೆ ಸಾಕು.

ಸುದ್ದಿ ಹಬ್ಬಿದ್ದೇ ತಡ, ಸಲಹೆ ಕೊಡುವವರ ಸಾಲು ಹತ್ತಿತು. ಎಲ್ಲರದೂ ಒಂದೇ ಮಾತು: ಎತ್ತರದ ಗಾಡಿ ತಗೊಳ್ರಿ, ಬಿಳಿದು ತಗೊಳ್ರಿ, ಏಳು ಮಂದಿ ಕೂಡುವಂಥದ್ದು ತಗೊಳ್ರಿ. ಕಾಕಾ ಅಂತೂ ತೀರ್ಮಾನ ಮಾಡಿಯೇ ಬಂದಿದ್ದರು. "ನಮ್ಮ ರಸ್ತಾ ನಿನಗ ಗೊತ್ತಿಲ್ಲೇನು, ದೇವ್ಯಾ? ಎತ್ತರ ಇರ್ಬೇಕು. ಡ್ರೈವರ್ ಒಬ್ಬನ್ನ ಇಡ್ತೀನಿ. ಎತ್ತಿ ಕುಂದ್ರಸ್ತಾನ, ಎತ್ತಿ ಇಳಸ್ತಾನ. ನೀ ಆರಾಮ ಕುಂತು ಬಾ." ಸರ್ ಮೀಸೆ ತಿರುವಿದರು. ಅದು ಒಪ್ಪಿಗೆಯೆಂದು ಕಾಕಾ ತಿಳಿದರು.

ಹೈದರಾಬಾದಿಗೆ ಕಾಕಾನ ಜೀಪಿನಲ್ಲಿ ಹೋದೆವು. ಹೊರಡುವಾಗ ತಮ್ಮನನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದ್ದು ಕಾಕಾ. ದಾರಿಯುದ್ದಕ್ಕೂ ಸರ್ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಕಾರಿನ ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗ ನೇರವಾಗಿ ಕಾಕಾನಿಗೆ ಸಲಾಮು ಹೊಡೆದು, ಒಂದು ಎತ್ತರದ ಬಿಳಿ ಗಾಡಿಯ ಬಾಗಿಲು ತೆಗೆದ. ಸರ್ ಅದರ ಮುಂದೆ ಊರುಗೋಲು ಊರಿ ನಿಂತರು. ಸೀಟು ಅವರ ಎದೆಮಟ್ಟಕ್ಕಿತ್ತು. ಹುಡುಗ ನಗುತ್ತ, "ಫಿಕರ್ ನಕ್ಕೋ ಸಾಬ್, ನಾವೇ ಎತ್ತಿ ಕೂಡಿಸ್ತೀವಿ" ಎಂದು ಕೈ ಚಾಚಿದ. ಸರ್ ಅವನಿಗೆ ಅವನ ಹೈದರಾಬಾದಿ ಮಾತಿನಲ್ಲೇ ಕೇಳಿದರು, ನೀನು ದಿನಾ ಮುಂಜಾನೆ ಸುರಪುರಕ್ಕೆ ಬಂದು ಎತ್ತುತ್ತೀಯಾ ಎಂದು. ಹುಡುಗನ ಕೈ ಅಲ್ಲೇ ನಿಂತಿತು.

ಸರ್ ತಿರುಗಿದರು. ಮೂಲೆಯಲ್ಲಿ ಆ ಕೆಂಪು ಗಾಡಿ ನಿಂತಿತ್ತು, ಅದಕ್ಕೂ ಕ್ಲಚ್ ಇರಲಿಲ್ಲ. ಟಕ್ ಟಕ್ ಎಂದು ಅಲ್ಲಿಗೆ ನಡೆದರು. "ಅದು ಹುಡುಗರ ಗಾಡಿ, ಸಾಬ್," ಎಂದು ಆ ಟೈನವನು ಹಿಂದೆ ಓಡಿದ. ಸರ್ ಉದ್ದನೆಯ ಬಾಗಿಲನ್ನು ತಾವೇ ಎಳೆದು ತೆಗೆದರು, ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಕೈ ಕೊಟ್ಟು ಕುಳಿತರು. ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಊರುಗೋಲು ಹಿಂದಿನ ಸೀಟಿಗೆ ಹೋದವು. ಬಾಗಿಲು ಹಾಕಿಕೊಂಡರು. ಇಷ್ಟಕ್ಕೂ ಯಾರ ಕೈಯೂ ಬೇಕಾಗಲಿಲ್ಲ. ನಾನು ಅವರನ್ನು ಅಷ್ಟು ವರ್ಷ ನೋಡಿದ್ದೆ, ಗಾಡಿಯೊಂದನ್ನು ಒಬ್ಬರೇ ಏರಿದ್ದನ್ನು ಮಾತ್ರ ಅವತ್ತೇ ನೋಡಿದ್ದು.

"ಇದ ಬೇಕು," ಅಂದರು ಒಳಗಿನಿಂದ.

ಕಾಕಾ ತಲೆ ಚಚ್ಚಿಕೊಂಡರು. "ಲೇ, ಇದಕ್ಕ ಹೊಟ್ಟಿ ನೆಲಕ್ಕ ಹತ್ತೇದ! ನಮ್ಮ ಹೊಲದ ಹಾದಿಗೆ ಬರ್ತದೇನು? ಊರ ಮಂದಿ ನಗ್ತಾರ."

"ನಗಲಿ. ನಕ್ಕೋಂತ ಯಾರೂ ನನ್ನ ಬಗಲಾಗ ಕೈ ಹಾಕಂಗಿಲ್ಲಲ್ಲ."

ನಾನು ಜಾಣನಂತೆ ನಡುವೆ ಬಾಯಿ ಹಾಕಿದೆ: "ಕಾಕಾ, ತಗ್ಗು ಅದ ಅಂತ ಸರ್ ಇದನ್ನ ಆರಿಸ್ಯಾರ. ಅವರಿಗೆ ಅನುಕೂಲ ಆಗ್ತದ." ಸರ್ ನನ್ನ ಕಡೆ ಹೊರಳಿ ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಅನುಕೂಲ ಅಂತ! ಅಷ್ಟಕ್ಕ ಆಗಿದ್ರ ಎತ್ತಿನ ಬಂಡಿ ತಗೋತಿದ್ನಲೇ, ಭೀಮ್ಯಾ. ಇದು ಓಡ್ತದ. ನಾ ಹುಟ್ಟಿದಾಗಿಂದ ಓಡಿಲ್ಲ, ಗೊತ್ತದನು ನಿನಗ?" ಟೈನವನು ಕಾಗದ ಪತ್ರ ತರಲು ಒಳಗೆ ಹೋದ.

ಗಾಡಿ ಕೈಗೆ ಬಂದ ದಿನ ಹೈದರಾಬಾದಿನಿಂದ ಸರ್ ತಾವೇ ನಡೆಸಿಕೊಂಡು ಬಂದರು. ಪಕ್ಕದಲ್ಲಿ ನಾನು, ಹಿಂದೆ ಜೀಪಿನಲ್ಲಿ ಕಾಕಾ. ಊರ ಗದ್ದಲ ದಾಟಿ ಹೆದ್ದಾರಿ ಸಿಕ್ಕ ಮೇಲೆ ಜೀಪು ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಗಿ ಕಾಣದಾಯಿತು. ನಾನು ಸೀಟಿನ ಅಂಚು ಹಿಡಿದು ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತಿದ್ದೆ. ಸರ್ ನಗುತ್ತಿದ್ದರು. ಹಲ್ಲು ಕಾಣುವಂತೆ ಅವರು ನಗುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಸುರಪುರದ ಮನೆ ಮುಂದೆ ಶಾಂತಮ್ಮನವರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಇಷ್ಟ ಕೆಂಪು ಸೀರಿ ನಾನೂ ಉಟ್ಟಿಲ್ಲ," ಅಂದರು. ಹಾಗಂದವರು ಆಮೇಲೆ ದಿನಾ ಮುಂಜಾನೆ ಅದನ್ನು ತಾವೇ ಒರೆಸುತ್ತಿದ್ದರು.

ಕಾಕಾನ ಮಾತೂ ಸುಳ್ಳಾಗಲಿಲ್ಲ. ಭತ್ತ ನಾಟಿಯ ಹೊತ್ತಿಗೆ ಹೊಲ ನೋಡಿ ಬರೋಣವೆಂದು ಸರ್ ನನ್ನನ್ನು ಕರೆದುಕೊಂಡು ಸಗರಕ್ಕೆ ಹೋದರು. ಹೊಲದ ದಾರಿಯಲ್ಲಿ ಕಾಲುವೆಗೆ ಒಂದು ಉಬ್ಬು ಸೇತುವೆ. ಏರುವಾಗ ಚೆನ್ನಾಗಿಯೇ ಏರಿತು, ನೆತ್ತಿಗೆ ಹೋದ ಮೇಲೆ ಕರ್ ಎಂದು ಹೊಟ್ಟೆ ಕಚ್ಚಿಕೊಂಡು ನಿಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಬಗ್ಗಿದ ಸೊಂಟ ನೆಟ್ಟಗೆ ಮಾಡಿ ನೋಡಿ ಕಿಸಕ್ಕನೆ ನಕ್ಕರು. ಆಚೆ ದಂಡೆಯಿಂದ ಕಾಕಾ ಕೆಸರುಗಾಲಲ್ಲೇ ಓಡಿ ಬಂದರು.

"ನಾ ಹೇಳಿದ್ನಿಲ್ಲ? ಬಾ, ಮೊದಲ ನಿನ್ನ ಎತ್ತಿ ಇಳಸ್ತೀನಿ. ಆಮ್ಯಾಲ ಗಾಡಿ ನೋಡೂಣು." ಕಾಕಾ ಬಾಗಿಲಿಗೆ ಕೈ ಹಾಕಿದರು. ಸರ್ ಒಳಗಿನಿಂದ ಚಿಲಕ ಹಾಕಿಕೊಂಡು, ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದರು.

"ನನ್ನ ಎತ್ತಬ್ಯಾಡಣ್ಣ. ಗಾಡಿ ಎತ್ತು."

"ಹುಚ್ಚ ಹಿಡದದೇನು ನಿನಗ? ನೀ ಒಳಗ ಕುಂತ್ರ ಭಾರ ಆಗ್ತದ!"

"ಆಗಲಿ. ಗಾಡಿ ನಂದು. ನಾ ಇಳಿಯಂಗಿಲ್ಲ."

ಅಣ್ಣ ತಮ್ಮ ಇಬ್ಬರೂ ಸೋಲುವ ಜಾತಿಯವರಲ್ಲ. ಬಿಸಿಲಲ್ಲಿ ಸುಮಾರು ಹೊತ್ತು ಜಗಳ ನಡೆಯಿತು. ಕೊನೆಗೆ ಕಾಕಾ ಸೊಂಟಕ್ಕೆ ಟವಲು ಬಿಗಿದು ಗದ್ದೆಯ ಕಡೆ ಕೂಗಿದರು. ಆಳುಗಳೂ ಹೆಣ್ಣುಮಕ್ಕಳೂ ಬಂದು ಸುತ್ತ ಕೈ ಹಚ್ಚಿದರು, ನಾನೂ ಹಚ್ಚಿದೆ. ಸರ್ ಸ್ಟೇರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದರು. ಹೋ ಎಂದು ಎತ್ತಿ ದೂಡಿದ್ದಕ್ಕೆ ಗಾಡಿ ಸೇತುವೆ ದಾಟಿ ಆಚೆ ಇಳಿಯಿತು. ಬರುವಾಗ ನಾನು ಕೀಟಲೆ ಮಾಡಿದೆ, "ಏನಂದ್ರೂ ಇವತ್ತ ಮಂದಿ ನಿಮ್ಮನ್ನ ಎತ್ತಿದಂಗ ಆತಲ್ರಿ, ಸರ್?" ಅವರ ಬಳಿ ಉತ್ತರ ಸಿದ್ಧವಿತ್ತು. "ಟ್ರ್ಯಾಕ್ಟರ್ ಕೆಸರಾಗ ಹುಗದ್ರ ಎತ್ತಂಗಿಲ್ಲೇನು? ಗಾಡಿ ಎತ್ತೂದು ಬ್ಯಾರೆ, ಮನಶಾನ್ನ ಎತ್ತೂದು ಬ್ಯಾರೆ."

ಗಾಡಿ ಮಾರಿಬಿಡು ಎಂದು ಕಾಕಾ ಆಮೇಲೂ ಕೆಲವು ದಿನ ಗೊಣಗಿದರು. "ನನ್ನ ಗಾಡಿ ಯಾಕ ಮಾರ್ಲಿ, ನಿನ್ನ ಸೇತುವಿ ಸಪಾಟ ಮಾಡಸು" ಎಂಬುದು ತಮ್ಮನ ಜವಾಬು. ಮುಂದಿನ ಸಲ ನಾವು ಹೋದಾಗ ಸೇತುವೆಯ ಎರಡೂ ಕಡೆ ಟ್ರ್ಯಾಕ್ಟರುಗಟ್ಟಲೆ ಮುರುಮ್ ಮಣ್ಣು ಬಿದ್ದು, ಉಬ್ಬು ಮಟ್ಟಸವಾಗಿತ್ತು. ಯಾರು ಹಾಕಿಸಿದರೆಂದು ಸರ್ ಕೇಳಲಿಲ್ಲ, ಕಾಕಾ ಹೇಳಲೂ ಇಲ್ಲ. ಗಾಡಿ ಮಾತ್ರ ಸದ್ದಿಲ್ಲದೆ ದಾಟಿತು.

ಹಾಗೆ ಬಹಳ ವರ್ಷ ಆ ಕೆಂಪು ಗಾಡಿ ಸುರಪುರಕ್ಕೂ ಶಹಾಪುರಕ್ಕೂ ಓಡಿತು. ಬಣ್ಣ ಮಾಸಿತು, ಬಾಗಿಲ ಮೇಲೆ ಗೀರು ಬಿದ್ದವು. ಸರ್ ಬಸ್ಸುಗಳನ್ನು ಹಿಂದೆ ಹಾಕಿ ಬಂದ ದಿನ ಬಹಳ ಖುಷಿಯಲ್ಲಿರುತ್ತಿದ್ದರು, ಬೈಗುಳವೂ ಕಡಿಮೆ. ಆಮೇಲೆ ಹೊಟ್ಟೆಯಲ್ಲೇನೋ ದೊಡ್ಡ ಬೇನೆ ಕಾಣಿಸಿಕೊಂಡಿತು. ಕಲಬುರಗಿಯ ಡಾಕ್ಟರರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾದ್ದನ್ನು ಶಾಂತಮ್ಮನವರ ಮುಖವೇ ಹೇಳಿತು. ತೋಳು ಸೊರಗಿದವು. ಆದರೂ ಬರುವುದನ್ನು ಬಿಡಲಿಲ್ಲ.

ನಾನು ಅವರನ್ನು ಕಡೆಯದಾಗಿ ಮಾತಾಡಿಸಿದ್ದು ನನ್ನ ಅಂಗಡಿ ಮುಂದೆಯೇ. ಸಂಜೆ ಶಾಲೆ ಮುಚ್ಚಿ ಹೊರಟಿದ್ದರು. ಬಾಗಿಲಿನಿಂದ ಗಾಡಿಯವರೆಗಿನ ನಾಲ್ಕು ಹೆಜ್ಜೆಗೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಸೀಟಿಗೆ ಕೈ ಕೊಟ್ಟರೆ ಕೈ ಜಾರಿತು. ಹಿಂದೆ ನಿಂತ ಆಟೊ ಹಾರ್ನ್ ಹೊಡೆಯಿತು, ಅದರ ಹಿಂದೆ ಇನ್ನೊಂದು. ಆಟೊದವನು ಪಾಪ ಒಳ್ಳೆಯವನು, ಇಳಿದು ಬಂದು ಬಗಲಿಗೆ ಕೈ ಹಾಕಲು ಬಗ್ಗಿದ. ನಾನು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದೆ. "ಮುಟ್ಟಬ್ಯಾಡ."

"ನಿನಗ ಕಣ್ಣಿಲ್ಲೇನು? ಬೀಳಾಕತ್ಯಾರ!" ಎಂದು ಅವನು ನನ್ನ ಮೇಲೆಯೇ ಹರಿಹಾಯ್ದ. ನನ್ನ ಕೈ ಎಷ್ಟು ಚಡಪಡಿಸುತ್ತಿತ್ತೆಂದು ಅವನಿಗೇನು ಗೊತ್ತು? ಸರ್ ಮತ್ತೊಮ್ಮೆ ಕೈ ಊರಿದರು, ಕುಳಿತರು. ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಬಾಗಿಲು ಹಾಕಿಕೊಂಡು, ಬೆವರು ಒರೆಸಿ, ಗಾಜು ಇಳಿಸಿ ಅಂದರು: "ಭೀಮ್ಯಾ, ಮಂದಿಗೆ ಜರಾ ಬಾಜೂಕ ಸರೀರಿ ಅನ್ನು. ನಾ ಜೋರ ಹೋಗಾಂವ." ನಾನು ರಸ್ತೆಗಿಳಿದು ಮಂದಿಯನ್ನು ಸರಿಸಿದೆ. ಅವರು ಜೋರಾಗಿಯೇ ಹೋದರು.

ತೀರಿಕೊಂಡ ಸುದ್ದಿ ಬಂತು. ಮಣ್ಣು ಹುಟ್ಟೂರಲ್ಲೇ ಎಂದಿದ್ದರಿಂದ ಸಗರಕ್ಕೆ ಹೋದೆ. ಶಾಂತಮ್ಮನವರ ಹತ್ತಿರ ಕುಳಿತು ಮನಸ್ಸು ಬಿಚ್ಚಿ ಅತ್ತೆ. ಮಧ್ಯಾಹ್ನ ಚಟ್ಟ ಸಿದ್ಧವಾಯಿತು. ಮೂವರು ಬಗ್ಗಿ ನಿಂತರು. ಮಾನಪ್ಪ ಕಾಕಾ ನನ್ನ ಕಡೆ ನೋಡಿ, "ಬಾ, ಭೀಮ್ಯಾ. ಮಗನಂಗ ಇದ್ದಿ, ಒಂದು ಕಡಿ ಹಿಡಿ," ಅಂದರು.

"ನಾ ಎತ್ತಂಗಿಲ್ರಿ, ಕಾಕಾ."

ಅಷ್ಟೇ ಅಂದು, ಎಲ್ಲರ ನಡುವೆ ಹಾದು ಹೊರಗೆ ಬಂದು ಬಸ್ಸು ಹತ್ತಿದೆ. ಉಪ್ಪುಂಡ ಮನೆಯ ಋಣ ತೀರಿಸದವನೆಂದು ಊರವರು ಇವತ್ತಿಗೂ ಬೈಯುತ್ತಾರೆ, ಕಾಕಾ ಎದುರಿಗೆ ಸಿಕ್ಕರೆ ಮುಖ ತಿರುವುತ್ತಾರೆ. ಬೈದುಕೊಳ್ಳಲಿ. ಆ ಮನುಷ್ಯನನ್ನು ಎತ್ತಿದವರ ಪೈಕಿ ನಾನಿಲ್ಲ.