ಚಳಿ ನೀರಿಗೆ ಎಷ್ಟು ಇಂಚು?

"ಟೀಚರೇ, ನೀವು ಸಯನ್ಸ್ ಕಲಿಸುವವರಲ್ಲವಾ? ನಾಲ್ಕು ಡಿಗ್ರಿ ನೀರಲ್ಲಿ ಮೀನಿಗೆ ಎರಡೂವರೆ ಇಂಚು ಹಾಕುವುದಾ, ನಾಲ್ಕು ಇಂಚು ಹಾಕುವುದಾ?"

ಕೇಳಿದವರು ಹಮೀದ್ ಭಾಯ್. ಒಮಾನಿನ ಇಬ್ರಿ ಪಟ್ಟಣದಲ್ಲಿ ಸೂಕ್ ಎನ್ನುವ ಪೇಟೆಯ ಹಿಂದಿನ ಬೀದಿಯಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಉಳ್ಳಾಲದ ಬ್ಯಾರಿಗಳು. ನಾನು ಅಡುಗೆಮನೆಯ ನಲ್ಲಿಗೆ ವಾಷರ್ ತರಲು ಹೋಗಿದ್ದೆ. ಅವರು ಕೌಂಟರ್ ಮೇಲೆ ಎರಡು ಪ್ಲಾಸ್ಟಿಕ್ ಮೀನು ಮಲಗಿಸಿ, ಟೇಪ್ ಹಿಡಿದು ಅಳೆಯುತ್ತಿದ್ದರು. ಹೊರಗೆ ಮಾರ್ಚ್ ತಿಂಗಳಿಗೇ ಸುಡುಬಿಸಿಲು. ಸಮುದ್ರ ನೋಡಬೇಕಾದರೆ ಇಲ್ಲಿಂದ ಎರಡು ಗಂಟೆಗೂ ಹೆಚ್ಚು ದಾರಿ.

"ಇಬ್ರೀಲಿ ನಾಲ್ಕು ಡಿಗ್ರಿ ನೀರು ಫ್ರಿಜ್‌ನಲ್ಲಿ ಮಾತ್ರ ಸಿಗೋದು ಹಮೀದ್ ಭಾಯ್. ಬಾಟ್ಲಿಗೆ ಗಾಳ ಹಾಕ್ತೀರಾ?" ಎಂದು ನಕ್ಕೆ. (ನನ್ನ ಬಾಯಿ ನಿಮಗೆ ಗೊತ್ತಲ್ಲ.) ಅವರು ನಗಲಿಲ್ಲ.

ಮೀನಿನ ಹೆಸರು ಸ್ಮಾಲ್‌ಮೌತ್ ಬಾಸ್. ಅಮೆರಿಕದ ಕೆರೆಗಳದ್ದು. ಮಂಜು ಕರಗಿದ ಹೊಸದರಲ್ಲಿ ನೀರು ಕೊರೆಯುತ್ತಿರುತ್ತದೆ, ಮೀನಿನ ಮೈ ಜಡವಾಗಿರುತ್ತದೆ. ಯಾವುದನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಅದಕ್ಕೇ ಗಾಳಕ್ಕೆ ಸಣ್ಣ ಲ್ಯೂರ್, ಅಂದರೆ ಈ ಪ್ಲಾಸ್ಟಿಕ್ ಮೀನು, ಹಾಕಬೇಕು, ಮೆಲ್ಲಗೆ ಎಳೆಯಬೇಕು, ನಡುನಡುವೆ ಸುಮ್ಮನೆ ಬಿಡಬೇಕು ಅಂತ ಒಂದು ಪಾರ್ಟಿ. ಸಣ್ಣದಕ್ಕೆಲ್ಲ ಮೀನು ಯಾಕೆ ಮೈ ಅಲುಗಿಸೀತು, ದೊಡ್ಡದೇ ಹಾಕಿ ಅಂತ ಇನ್ನೊಂದು ಪಾರ್ಟಿ. ಹಮೀದ್ ಭಾಯ್ ಯೂಟ್ಯೂಬಿನಲ್ಲಿ ಎರಡೂ ಕಡೆಯವರನ್ನು ಕೇಳಿ, ಮಸ್ಕತ್‌ಗೆ ಹೋದಾಗ ಎರಡೂ ಅಳತೆಯದು ತಂದಿದ್ದರು.

"ಹಿಡಿದು ಮತ್ತೆ ನೀರಿಗೇ ಬಿಡುವುದಂತೆ ಟೀಚರೇ. ನಮ್ಮ ಊರಲ್ಲಿ ಹೀಗೆ ಹೇಳಿದ್ರೆ ಅಟ್ಟಿಸಿಕೊಂಡು ಬಂದಾರು!"

"ಅಲ್ಲ, ನಿಮಗ್ಯಾಕೆ ಇದೆಲ್ಲ?" ಎಂದೆ.

ಆಗ ಹೇಳಿದರು. ಶಾಹಿನಾಳಿಗೋಸ್ಕರ.

ಶಾಹಿನಾ ಅವರ ಒಬ್ಬಳೇ ಮಗಳು. ಇಲ್ಲೇ ನನ್ನ ಕ್ಲಾಸಿನಲ್ಲಿ ಮೂರು ವರ್ಷ ಕೂತವಳು, ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಪಟಪಟ ಉತ್ತರ ಕೊಡುತ್ತಿದ್ದವಳು. ಮದುವೆಯಾಗಿ ಮಿಶಿಗನ್‌ನಲ್ಲಿದ್ದಾಳೆ. ಕಳೆದ ನವೆಂಬರಿನಲ್ಲಿ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಅಂದಿನಿಂದ ಯಾರೊಡನೆಯೂ ಮಾತಿಲ್ಲ. ತಾಯಿ ಫೋನ್ ಹಿಡಿದರೆ ಬರೀ ಅಳು, ಹಾಗಾಗಿ ತಾಯಿಯ ಫೋನನ್ನೇ ಎತ್ತುವುದಿಲ್ಲ. ಗಂಡ ಒಂದು ದಿನ ಕೆರೆ ಕಡೆಗೆ ಕರೆದುಕೊಂಡು ಹೋದನಂತೆ. ಈಗ ರಜೆ ಇದ್ದಾಗಲೆಲ್ಲ ಗಾಳ ಹಿಡಿದು ಒಬ್ಬಳೇ ಹೋಗಿ ನಿಲ್ಲುತ್ತಾಳೆ.

"ಹೇಗಿದ್ದಿ ಅಂತ ಕೇಳಿದ್ರೆ ಉತ್ತರ ಇಲ್ಲ. ಊಟ ಆಯ್ತಾ ಅಂದ್ರೆ ಇಲ್ಲ. ಒಂದು ದಿನ ಕೇಳ್ಲಿಕ್ಕೆ ಬೇರೆ ಎಂತದೂ ತೋಚಲಿಲ್ಲ, ಅಲ್ಲಿ ಎಂತ ಮೀನು ಸಿಗ್ತದೆ ಅಂತ ಕೇಳಿದೆ. ಉತ್ತರ ಬಂತು ಟೀಚರೇ!"

ಅಂದಿನಿಂದ ದಿನಕ್ಕೊಂದು ಪ್ರಶ್ನೆ. ಪೆದ್ದು ಪೆದ್ದಾಗಿ ಕೇಳಿದರೆ ಅವಳಿಗೆ ಬೇಸರ ಬರುತ್ತದೆ, ಉತ್ತರ ನಿಂತುಹೋಗುತ್ತದೆ. ಅದಕ್ಕೇ ಮೀನು ಹಿಡಿಯಲು ಬಲೆ ಬಿಟ್ಟು ಬೇರೆ ಗೊತ್ತಿಲ್ಲದ ಈ ಮನುಷ್ಯ ಅರವತ್ತನೇ ವಯಸ್ಸಿನಲ್ಲಿ ಕೂತು ಓದುತ್ತಿದ್ದರು. ನನ್ನ ಯಾವ ವಿದ್ಯಾರ್ಥಿಯೂ ಪರೀಕ್ಷೆಗೆ ಹಾಗೆ ಓದಿದ್ದಿಲ್ಲ.

ಮುಂದಿನ ಶುಕ್ರವಾರ ಸಂಜೆ ನಾನು ಅಂಗಡಿಯಲ್ಲಿದ್ದಾಗಲೇ ಫೋನ್ ಬಂತು. ತಾನಾಗಿಯೇ ಮಾಡಿದ್ದು ಅದೇ ಮೊದಲಂತೆ. ಹಮೀದ್ ಭಾಯ್ ಸ್ಪೀಕರ್ ಒತ್ತಿದರು. "ಉಪ್ಪಾ, ನಾಲ್ಕು ಇಂಚು ದೊಡ್ಡದಾಯ್ತು. ಎರಡೂವರೆ ಸಾಕು. ಇವತ್ತು ಒಂದು ಸಿಕ್ತು" ಎಂದಳು ಶಾಹಿನಾ. ಅಪ್ಪ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು ತಾನೇ? ನಾನು ಟೀಚರ್, ಹೆಂಗಸು, ಎರಡು ಹೆತ್ತವಳು. ನನಗೆ ಮಾತು ಬರುತ್ತದೆ. ಫೋನ್ ಕಸಿದುಕೊಂಡೆ.

"ಶಾಹಿನಾ, ಧೈರ್ಯ ತಗೋ ಕಂದ. ಆಗಿದ್ದು ಆಗೋಯ್ತು. ಇನ್ನೂ ವಯಸ್ಸಿದೆ, ಮತ್ತೆ ಮಗು ಆಗುತ್ತೆ. ನಮ್ಮಕ್ಕಂಗೂ ಹೀಗೇ ಆಗಿತ್ತು, ಈಗ ಇಬ್ಬರು ಮಕ್ಕಳು. ಮನಸ್ಸಿಗೆ ಹಚ್ಕೋಬೇಡ, ಅತ್ತುಬಿಡು, ಹಗುರ ಆಗುತ್ತೆ."

ಆ ಕಡೆಯಿಂದ "ಥ್ಯಾಂಕ್ಯೂ ಟೀಚರ್" ಎಂದಷ್ಟೇ ಬಂತು. ಫೋನ್ ಕಟ್ಟಾಯಿತು.

ಅದಾಗಿ ಮೂರು ವಾರ. ಹಮೀದ್ ಭಾಯ್ ದಿನಾ ಪ್ರಶ್ನೆ ಕಳಿಸುತ್ತಾರೆ. ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಅಳಿಯನಿಗೆ ಫೋನ್ ಮಾಡಿದರೆ, ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಕೆರೆಗೆ ಹೋಗುತ್ತಾಳೆ, ಅಷ್ಟೇ ಮಾವ ಎನ್ನುತ್ತಾನೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ನಾಲ್ಕು ತಿಂಗಳು ಒಬ್ಬ ಅಪ್ಪ ಕಷ್ಟಪಟ್ಟು ಗಳಿಸಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಕಳೆದೆ.

ನಾವೆಲ್ಲ ಹೀಗೇ ಅಲ್ಲವೇ? ಇಲ್ಲಿ ಯಾರ ಮನೆಯಲ್ಲಿ ಸಾವಾದರೂ ಖರ್ಜೂರದ ಪೊಟ್ಟಣ ಹಿಡಿದು ಹೋಗುತ್ತೇವೆ. ಕೂತ ತಕ್ಷಣ ಇರುವುದರಲ್ಲಿ ಭಾರವಾದ ಮಾತನ್ನೇ ಎತ್ತಿ ಹಾಕುತ್ತೇವೆ. ವಿಧಿ, ದೇವರ ಇಚ್ಛೆ, ಕಾಲವೇ ಮದ್ದು. ಅವರು ಅತ್ತರೆ ನಮಗೆ ಬಂದ ಕೆಲಸ ಆಯಿತು. ಅಳದಿದ್ದರೆ, ಪಾಪ, ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾಳೆ ಎಂದು ಕಾರಿನಲ್ಲಿ ಮಾತಾಡಿಕೊಳ್ಳುತ್ತೇವೆ. ಆಮೇಲೆ ಎಲ್ಲಿ ಪರಾಟ ತಿನ್ನೋಣ ಎಂದು ಯೋಚಿಸುತ್ತೇವೆ. (ನಾನೂ ತಿಂದಿದ್ದೇನೆ.)

ಹಮೀದ್ ಭಾಯ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೀವು ಒಳ್ಳೇದಕ್ಕೇ ಹೇಳಿದ್ದಲ್ಲವಾ" ಎಂದರು. ನಾನು ಶಾಹಿನಾಳಿಗೆ ಕ್ಷಮೆ ಕೇಳಿ ಉದ್ದದ ಮೆಸೇಜ್ ಬರೆದು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಕೆಳಗಿನವರೆಗೂ ಓದಿ ಫೋನ್ ವಾಪಸು ಕೊಟ್ಟರು.

"ಬೇಡ ಟೀಚರೇ. ಇದಕ್ಕೂ ಅವಳು ಪರವಾಗಿಲ್ಲ ಅಂತ ಬರೀಬೇಕಾಗ್ತದೆ."

ಅಳಿಸಿಹಾಕಿದೆ.

ನಿನ್ನೆ ಮತ್ತೆ ಹೋಗಿದ್ದೆ. ಫೋನನ್ನು ಕೌಂಟರ್ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು, ಒಬ್ಬ ಒಮಾನಿ ಗಿರಾಕಿಗೆ ಪೈಪ್ ಕತ್ತರಿಸುತ್ತಿದ್ದರು. ಅವನು ಹೋದ ಮೇಲೆ ತಲೆ ಎತ್ತದೆ ಹೇಳಿದರು:

"ಇನ್ನು ಸ್ವಲ್ಪ ದಿನದಲ್ಲಿ ಅಲ್ಲಿ ನೀರು ಬೆಚ್ಚಗಾಗ್ತದಂತೆ. ನಾನು ಕಲಿತದ್ದು ಚಳಿ ನೀರಿನದ್ದು ಮಾತ್ರ. ಮತ್ತೆ ಅವಳತ್ರ ಎಂತ ಕೇಳುವುದು ಟೀಚರೇ?"

ಈಗ ಈ ಮನುಷ್ಯನಿಗೆ ನಾನು ಯಾವ ಬಾಯಲ್ಲಿ ಸಮಾಧಾನ ಹೇಳಲಿ, ನೀವೇ ಹೇಳಿ?