ಹೊಗೆಯಕ್ಕನ ಅಂಗೈ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಸೊಂಟದೆತ್ತರದ ಟ್ಯಾಂಕೊಂದರ ಮುಚ್ಚಳ ಏಳುತ್ತದೆ. ಬಿಳಿ ಹೊಗೆ ಉಕ್ಕಿ, ಅಂಚಿನಿಂದ ಇಳಿದು, ಹೆಂಗಸೊಬ್ಬರ ಬೂಟುಗಳನ್ನು ಮುಚ್ಚಿಬಿಡುತ್ತದೆ. ಅವರು ಮೊಣಕೈವರೆಗಿನ ದಪ್ಪ ಗವಸು ಹಾಕಿದ ಕೈಯಿಂದ ಮರದ ಕೋಲೊಂದನ್ನು ಒಳಗಿಳಿಸಿ, ತೆಗೆದು, ಗಾಳಿಯಲ್ಲಿ ಬೀಸುತ್ತಾರೆ. ಕೋಲಿನ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ಅದು ಎಲ್ಲಿಯವರೆಗೆ ಕಟ್ಟಿದೆಯೋ ಒಳಗೆ ದ್ರವ ಸಾರಜನಕ ಅಷ್ಟಿದೆ ಎಂದರ್ಥ.

"ಇವಳು ಇವತ್ತು ಸ್ವಲ್ಪ ಜಾಸ್ತೀನೇ ಕುಡಿದಿದಾಳೆ" ಎಂದು ಟ್ಯಾಂಕಿನತ್ತ ನೋಡಿ ಗೊಣಗುತ್ತ, ಕಡಿಮೆಯಾದಷ್ಟನ್ನು ಸುರಿಯುತ್ತಾರೆ. ಆಸ್ಪತ್ರೆಯವರಿಗೆಲ್ಲ ಅವರು ಹೊಗೆಯಕ್ಕ.

ಆ ಟ್ಯಾಂಕುಗಳಲ್ಲಿ, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲಿ ಮಲಗಿರುವುದು ಅಂಡಾಣುಗಳು. ಕ್ಯಾನ್ಸರ್ ಎಂದು ತಿಳಿದ ಹೆಣ್ಣುಮಕ್ಕಳು ಕೀಮೋ ಶುರುವಾಗುವ ಮುನ್ನ ತೆಗೆಸಿಟ್ಟವು. ರೋಗವನ್ನು ಕೊಲ್ಲುವ ಭರದಲ್ಲಿ ಆ ಮದ್ದು ಎಷ್ಟೋ ಸಲ ಅಂಡಾಶಯವನ್ನೂ ಬಿಡುವುದಿಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದೊಂದು ಜೀವಾಂಶ ವರ್ಷಗಟ್ಟಲೆ ಹಾಗೇ ಉಳಿದು, ಮತ್ತೆ ಎಚ್ಚರಗೊಳ್ಳಬಲ್ಲದು ಎಂದು ನೆನೆದರೇ ಮೈ ಜುಮ್ಮೆನ್ನುತ್ತದೆ.

ಹೊಗೆಯಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಟ್ಯಾಂಕು ತುಂಬುತ್ತಿದ್ದವರು ಕೆಲಸ ಬಿಟ್ಟಾಗ ಇವರೇ ಮುಂದೆ ಬಂದು ಕಲಿತರು. ರಜೆಯ ದಿನವೂ ಬಿಡುವಿಲ್ಲ, ಟ್ಯಾಂಕಿಗೇನು ಭಾನುವಾರವೇ? ಮನೆಯಲ್ಲಿ ದರ್ಜಿ ಗಂಡ ಕಾಲೆಳೆಯುತ್ತಾರಂತೆ. "ಊರವರದ್ದೆಲ್ಲ ತಣ್ಣಗಿಡ್ತೀಯ, ನಮ್ಮನೆ ಫ್ರಿಜ್ಜಲ್ಲಿ ಹಾಲು ಒಡೆದು ಹೋಗುತ್ತೆ ಅಂತಾರೆ. ಏನ್ಮಾಡ್ಲಿ, ಆ ಫ್ರಿಜ್ಜಿಗೂ ನಮ್ಮ ಮದುವೆಯಷ್ಟೇ ವಯಸ್ಸು."

ಅವರನ್ನು ಇವತ್ತಿಗೂ ಕಾಡುವುದು ಒಂದು ಬೆಳಗಿನ ತಪ್ಪು.

"ಒಂದು ಟ್ಯಾಂಕಿನ ಮೈ ಒದ್ದೆ ಇತ್ತು. ನೆಲ ಒರೆಸುವಾಗ ನಾನೇ ನೀರು ಹಾರಿಸಿರ್ಬೇಕು ಅನ್ಕೊಂಡು ಬಟ್ಟೇಲಿ ಒರೆಸಿ ಹೊರಟ್ಬಿಟ್ಟೆ. ಒದ್ದೆ ಕಂಡ್ರೆ ಒರೆಸೋದು, ಅದು ಕೈಗೆ ಹತ್ತಿದ ಚಾಳಿ."

ಚಹಾ ಕೈಗೆತ್ತಿಕೊಂಡಾಗ ನೆನಪಾಯಿತು: ಅಂದು ಅವರಿನ್ನೂ ನೆಲವನ್ನೇ ಒರೆಸಿರಲಿಲ್ಲ. ಓಡಿ ಬಂದು ಮುಟ್ಟಿದರೆ ಮತ್ತೆ ಒದ್ದೆ. ಟ್ಯಾಂಕಿನ ಎರಡು ಗೋಡೆಗಳ ನಡುವಿನ ನಿರ್ವಾತ ಕೆಟ್ಟರೆ ಹೊರಮೈ ಹೀಗೆ ಬೆವರುತ್ತದೆ, ಒಳಗಿನ ದ್ರವ ಆವಿಯಾಗಿ ಹೋಗುತ್ತದೆ. ಅವರ ಕೂಗು ಕೇಳಿ ಪ್ರಯೋಗಾಲಯದವರು ಎದ್ದೆವೋ ಬಿದ್ದೆವೋ ಎಂದು ಬಂದರು. ಎಲ್ಲವನ್ನೂ ಪಕ್ಕದ ಟ್ಯಾಂಕಿಗೆ ಸಾಗಿಸುತ್ತಿರುವಾಗಲೇ ಅಪಾಯದ ಗಂಟೆ ಹೊಡೆದುಕೊಳ್ಳತೊಡಗಿತು. ಅಂದಿನಿಂದ ಹೊಗೆಯಕ್ಕ ಬಟ್ಟೆ ಹಿಡಿಯುವ ಮುನ್ನ ಗವಸು ಕಳಚಿ ಪ್ರತಿ ಟ್ಯಾಂಕಿನ ಮೈಗೂ ಅಂಗೈ ಇಡುತ್ತಾರೆ.

ಒಳಗೆ ಯಾರದ್ದಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ. ಮೊನ್ನೆ ಮಾತ್ರ ತುಂಬು ಗರ್ಭಿಣಿಯೊಬ್ಬರು ತಾವಾಗಿಯೇ ಹುಡುಕಿಕೊಂಡು ಬಂದರು. ಸ್ತನ ಕ್ಯಾನ್ಸರ್ ದಾಟಿ ಬಂದ ಶಾಲಾ ಶಿಕ್ಷಕಿ. ಚಿಕಿತ್ಸೆಯ ನಂತರ ಅವರ ಮುಟ್ಟು ನಿಂತೇ ಹೋಗಿತ್ತು. ತಮ್ಮದೇ ಅಂಡಾಣುವಿನಿಂದ ತಾಯಿಯಾಗಲು ಉಳಿದಿದ್ದದ್ದು ಬೆವರಿದ ಆ ಟ್ಯಾಂಕಿನಲ್ಲಿದ್ದ ಕೆಲವೇ ಅಂಡಾಣುಗಳು. ಮೊದಲು ಕರಗಿಸಿದವು ಕೈಕೊಟ್ಟವು. ಕೊನೆಯದರಿಂದ ಗರ್ಭ ನಿಂತಿತು. ಇಷ್ಟು ವರ್ಷ ಕಾಯ್ದವರನ್ನು ನೋಡಲೇಬೇಕೆಂದು ವೈದ್ಯೆಯ ಬಳಿ ಹಟ ಹಿಡಿದಿದ್ದರು.

ಶಿಕ್ಷಕಿ ಹೊಗೆಯಕ್ಕನ ಕೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಳ್ಳಹೋದರೆ, ಅವರು ಸರಕ್ಕನೆ ಹಿಂದೆಳೆದುಕೊಂಡರು.

"ತಡೀರಮ್ಮ, ಈಗಷ್ಟೇ ಟ್ಯಾಂಕ್ ತುಂಬಿಸಿ ಬಂದಿದೀನಿ. ಕೈ ತಣ್ಣಗಿದೆ, ಮಗು ಬೆಚ್ಚಿಬೀಳುತ್ತೆ."

ಅಂಗೈಗಳನ್ನು ಉಜ್ಜಿ ಉಜ್ಜಿ ಬಿಸಿಮಾಡಿ ಆಮೇಲೆ ಇಟ್ಟರು. ಒಳಗಿನಿಂದ ಜೋರಾಗಿ ಒದೆತ ಬಿತ್ತು. "ನನ್ನ ಹತ್ರ ಇದ್ದಷ್ಟು ದಿನ ಸುಮ್ಮನೆ ಮಲಗಿತ್ತು, ಈಗ ನೋಡಿ" ಎಂದು ನಕ್ಕರಂತೆ. ಆ ಮಾತು ಹೇಳುವಾಗ ಈಗಲೂ ಅವರ ಕಣ್ಣು ತುಂಬಿಕೊಳ್ಳುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ, ಟ್ಯಾಂಕುಗಳತ್ತ ತಿರುಗುತ್ತಾರೆ.

"ಕೆಲವರು ವಾಪಸ್ ಬರೋದೇ ಇಲ್ಲ. ಯಾಕೆ ಅಂತ ನಾನು ಕೇಳಲ್ಲ. ಇಟ್ಟು ಹೋದೋರೆಲ್ಲ ಹುಷಾರಾಗಿ ಬಂದು ತಮ್ತಮ್ಮದು ತಗೊಂಡು ಹೋಗ್ಲಿ. ಈ ಟ್ಯಾಂಕುಗಳು ಖಾಲಿ ಬಿದ್ದಿರೋದನ್ನ ಒಂದಿನ ನೋಡ್ಬೇಕು, ಅಷ್ಟೆ."